ಮಸಿ ಬೀಳದ ಬೆಳಗು

ಹೋದ ವಾರ ಪುಣೆಯ ಶಿವಾಜಿನಗರ ಸ್ಟೇಶನ್ನಿನ ಹೊರಗೆ ರಸ್ತೆಗೆ ಡಾಂಬರು ಹಾಕುವವರು ಡ್ರಮ್ಮಿನ ಕೆಳಗೆ ಹಸಿ ಕಲ್ಲಿದ್ದಲು ಒಟ್ಟಿ ಬೆಂಕಿ ಕೊಟ್ಟಿದ್ದರು. ಮೊದಲು ಹಳದಿ ಹೊಗೆ ಬಂತು, ಆಮೇಲೆ ಕರಿಯದು. ಆ ಗಂಧಕದ ಘಾಟು ಗಂಟಲಿಗೆ ತಾಗಿದ್ದೇ ತಡ, ನನ್ನ ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು, ಐದು ವರ್ಷದ ಮಗುವಿನ ಮೂಗು ಮುಚ್ಚುವುದಕ್ಕೆ. ಪಕ್ಕದಲ್ಲಿ ಇದ್ದವಳು ನನ್ನ ಮಗಳು ಕುಸುಮ. ನನಗಿಂತ ಒಂದು ಗೇಣು ಎತ್ತರ, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು.

"ಯಾಕವ್ವಾ, ಬಿಸಿಲಿಗೆ ಚಕ್ಕರ ಬಂತೇನು?" ಎಂದಳು.

"ಏನಿಲ್ಲ, ನಡಿ" ಎಂದೆ.

ಕುಸುಮ ಬೆಳೆದದ್ದು ಬಿಜಾಪುರದಲ್ಲಿ, ನನ್ನ ತಾಯಿಯ ಹತ್ತಿರ. ತನ್ನನ್ನು ಅಲ್ಲಿ ಬಿಟ್ಟು ನಾವು ಪುಣೆಯಲ್ಲಿ ಉಳಿದೆವೆಂಬ ಸಣ್ಣ ಮುನಿಸು ಅವಳಿಗೆ ಇವತ್ತಿಗೂ ಇದೆ. ನಗುತ್ತಲೇ ಚುಚ್ಚುತ್ತಾಳೆ. ನಾನೂ ನಗುತ್ತಲೇ ಮಾತು ತೇಲಿಸುತ್ತೇನೆ. ಆದರೆ ಅವತ್ತು ಮನೆಗೆ ಬಂದ ಮೇಲೆ ಆ ಒಂದು ಚಳಿಗಾಲ ತಲೆಯಿಂದ ಇಳಿಯಲೇ ಇಲ್ಲ. ಬರೆದಾದರೂ ಹಗುರಾಗೋಣ ಎಂದು ಕೂತಿದ್ದೇನೆ.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ. ಶಿವಾಜಿನಗರವನ್ನು ಆಗ ಭಾಂಬುರ್ಡೆ ಎನ್ನುವವರೇ ಹೆಚ್ಚು. ನಮ್ಮವರಿಗೆ ರೈಲ್ವೆಯ ಕಚೇರಿಯಲ್ಲಿ ಕಾರಕೂನಿಕೆ. ಒಂದು ಹಳೆಯ ವಾಡೆಯ ಮೇಲಿನ ಎರಡು ಖೋಲಿಗಳಲ್ಲಿ ನಾವು ನಾಲ್ವರು: ಇವರು, ನಾನು, ಅತ್ತೆ, ಕುಸುಮ. ಖೋಲಿಗಳ ಮೇಲೆ ಬಯಲು ಮಾಳಿಗೆ. ಮಾಳಿಗೆಯ ಕಟ್ಟೆಯಿಂದ ಬಗ್ಗಿದರೆ ಕೆಳಗೆ ಸಣ್ಣ ಓಣಿ, ಓಣಿಯ ಆಚೆ ಒಂದು ಬಟ್ಟೆ ಗಿರಣಿಯ ಬಾಯ್ಲರ್ ಮನೆ. ಅದರ ದೊಡ್ಡ ಬಾಗಿಲು ನಮ್ಮ ಮಾಳಿಗೆಯ ಕಡೆಗೇ ತೆರೆದಿರುತ್ತಿತ್ತು. ಬಾಗಿಲ ಹಿಂದೆ ಚಿಮಣಿ.

ಮೊದಲೆರಡು ವರ್ಷ ಆ ಚಿಮಣಿಯ ಕಡೆ ನಾವು ಲಕ್ಷ್ಯವನ್ನೇ ಕೊಟ್ಟಿರಲಿಲ್ಲ. ಯುದ್ಧ ಬಂದ ಮೇಲೆ ಗಿರಣಿಗೆ ಸೈನ್ಯದ ಡೇರೆ ಬಟ್ಟೆಯ ಕೆಲಸ ಬಂತು, ಒಂದು ಪಾಳಿ ಇದ್ದದ್ದು ಮೂರಾಯಿತು. ಒಳ್ಳೆಯ ಕಲ್ಲಿದ್ದಲೆಲ್ಲ ಬೇರೆ ಕಡೆ ಹೋಗಿ ಗಿರಣಿಯ ಪಾಲಿಗೆ ತೇವದ ಪುಡಿ ಉಳಿಯಿತು. ಪುಣೆಯ ಚಳಿಗಾಲದ ಬೆಳಗಿನಲ್ಲಿ ಗಾಳಿ ಒಂದಿಷ್ಟೂ ಅಲುಗುವುದಿಲ್ಲ. ಆರು ಗಂಟೆಗೆ ಪಾಳಿಯ ಸೈರನ್ನು, ಅಲ್ಲಿಯವರ ಭೋಂಗಾ, ಕೂಗಿತು ಎಂದರೆ ಚಿಮಣಿಯಿಂದ ಹೊರಟ ಹೊಗೆ ಮೇಲೆ ಹೋಗದೆ ನಮ್ಮ ಮಾಳಿಗೆಯ ಮೇಲೆ ಬಂದು ಕೂರುತ್ತಿತ್ತು.

ಮೊದಲು ಸಿಟ್ಟಿಗೆದ್ದವರು ಅತ್ತೆ. ಮಗ ಪೂಜೆಗೆ ಉಡುವ ಮಡಿ ಧೋತರವನ್ನು ಅವರೇ ಒಗೆದು, ಯಾರೂ ಮುಟ್ಟದ ಹಾಗೆ ಗಳದ ಮೇಲೆ ಕೋಲಿನಿಂದ ಒಣಹಾಕುತ್ತಿದ್ದರು. ಇಳಿಸುವ ಹೊತ್ತಿಗೆ ಅದರ ತುಂಬ ಎಳ್ಳು ಚೆಲ್ಲಿದಂತೆ ಮಸಿ. ಮೊದಮೊದಲು "ಬೆಂಕಿಯಿಂದ ಬಂದದ್ದು, ಮೈಲಿಗಿ ಆಗೂದಿಲ್ಲ" ಎಂದು ತಾವೇ ಶಾಸ್ತ್ರ ಹೇಳಿಕೊಂಡರು. ಒಂದು ವಾರ ಮೂರು ಮೂರು ಸಲ ಒಗೆದ ಮೇಲೆ ಶಾಸ್ತ್ರ ಬದಲಾಯಿತು. ಮಾಳಿಗೆಯ ಮೇಲೆ ನಿಂತು ಗಿರಣಿಗೆ ಕನ್ನಡದಲ್ಲಿ ಬೈಯತೊಡಗಿದರು. ಮರಾಠಿಯಲ್ಲಿ ಬೈದರೆ ಅವರಿಗೆ ಸಮಾಧಾನ ಆಗುತ್ತಿರಲಿಲ್ಲ.

ಆ ಬೈಗಳವೇ ಮಲ್ಲಪ್ಪನನ್ನು ನಮ್ಮ ಮೆಟ್ಟಿಲಿಗೆ ಕರೆತಂದಿತು. ಪಾಳಿ ಮುಗಿಸಿ ಓಣಿಯಲ್ಲಿ ಹೋಗುತ್ತಿದ್ದವನು ನಿಂತು ತಲೆ ಎತ್ತಿ ಕೇಳಿದ.

"ಯಾವೂರ್ರಿ ಅವ್ವಾರ? ನಮ್ಮ ಕಡೆ ಮಾತು ಕೇಳಿ ಭಾಳ ದಿನಾ ಆಗಿತ್ತು."

"ಬಿಜಾಪುರ. ನೀ ಯಾಂವ? ಮಸಿಯೊಳಗ ಅದ್ದಿ ತಗದಂಗ ಇದ್ದೀ."

"ಸಿಂದಗಿ ಕಡೆಯಂವ್ರಿ. ಈ ಗಿರಣ್ಯಾಗ ಆಗವಾಲಾ ಇದೀನ್ರಿ. ಬಾಯ್ಲರಿಗೆ ಕಲ್ಲಿದ್ದಲಿ ಹಾಕೂದು."

"ಹಂಗಾದ್ರ ನನ್ನ ಮಡಿ ಧೋತರದ ಮ್ಯಾಲ ಮಸಿ ಉಗುಳಾಂವ ನೀನ ಏನು?"

"ನಾನ ರೀ ಅವ್ವಾರ" ಎಂದು ಬಿಳಿ ಹಲ್ಲು ಬಿಟ್ಟು ನಕ್ಕ.

ಅತ್ತೆಗೆ ಮುಂದೆ ಬೈಯಲಾಗಲಿಲ್ಲ. ಅಂದಿನಿಂದ ರವಿವಾರಕ್ಕೊಮ್ಮೆ ಮಲ್ಲಪ್ಪ ಬಂದು ಕೆಳಗಿನಿಂದ ಮೂರನೆಯ ಮೆಟ್ಟಿಲ ಮೇಲೆ ಕೂರುವುದು, ಊರಲ್ಲಿದ್ದ ಅಣ್ಣನಿಗೆ ಅವನ ಪರವಾಗಿ ನಾನು ಕಾಗದ ಬರೆಯುವುದು ರೂಢಿಯಾಯಿತು. ಮೂರನೆಯ ಮೆಟ್ಟಿಲು ಅತ್ತೆ ಗೊತ್ತುಮಾಡಿದ ಗಡಿ. ಅವನು ಒಂದು ದಿನವೂ ದಾಟಲಿಲ್ಲ. ಕುಸುಮ ಮಾತ್ರ ಇಳಿದು ಹೋಗಿ ಅವನ ಪಕ್ಕ ಕೂರುತ್ತಿದ್ದಳು. ಅವಳು ಮಧ್ಯಾಹ್ನ ಮಾಳಿಗೆಯಲ್ಲಿ ಆಡುವಾಗ ಅವನು ಬಾಯ್ಲರ್ ಮನೆಯ ಬಾಗಿಲಿಗೆ ಬಂದು ತಲೆಯ ಕೆಂಪು ವಸ್ತ್ರ ಬಿಚ್ಚಿ ಬೀಸುತ್ತಿದ್ದ, ಇವಳು ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು.

ಕಾರ್ತಿಕ ಕಳೆಯುವ ಹೊತ್ತಿಗೆ ಕುಸುಮಳಿಗೆ ಉಬ್ಬಸ ಅಂಟಿಕೊಂಡಿತು. ಬೆಳಗಿನ ಭೋಂಗಾ ಆದ ಅರ್ಧ ಗಂಟೆಗೆ ಎದೆಯಲ್ಲಿ ಸುಂಯ್ ಎಂಬ ಸದ್ದು ಶುರು. ಕುತ್ತಿಗೆಯ ಗುಳಿ ಒಳಗೆ ಹೋಗುತ್ತಿತ್ತು, ಪಕ್ಕೆಲುಬು ಎದ್ದು ಕಾಣುತ್ತಿದ್ದವು. ಮಾತು ಬಾರದೆ ಕಣ್ಣಿನಲ್ಲೇ ನನ್ನನ್ನು ಕೇಳುತ್ತಿದ್ದಳು. ಡಾಕ್ಟರು ಔಷಧಿ ಕೊಟ್ಟು, "ಒಂದೋ ಈ ಹೊಗೆ ಹೋಗಬೇಕು, ಇಲ್ಲವೋ ಈ ಹುಡುಗಿ ಇಲ್ಲಿಂದ ಹೋಗಬೇಕು" ಎಂದು ಕಡ್ಡಿ ಮುರಿದಂತೆ ಹೇಳಿದರು. ಅವಳನ್ನು ಬಿಟ್ಟು ಇರುವ ಮಾತು ನನ್ನ ಕಿವಿಗೇ ಹೋಗಲಿಲ್ಲ. ಹೊಗೆಯನ್ನೇ ಕಳಿಸುತ್ತೇನೆ ಎಂದುಕೊಂಡೆ. ಭೋಂಗಾ ಆಗುವ ಮೊದಲೇ ಅವಳನ್ನು ಒಳಖೋಲಿಗೆ ಹಾಕಿ, ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ, ಗಾಳಿ ಎದ್ದು ಹೊಗೆ ಚದುರುವ ಒಂಬತ್ತರ ತನಕ ಹೊರಗೆ ಬಿಡುತ್ತಿರಲಿಲ್ಲ.

ಆ ರವಿವಾರ ಮಲ್ಲಪ್ಪನನ್ನು ನೇರವಾಗಿಯೇ ಕೇಳಿದೆ. "ಹೊಗಿ ಕಡಿಮಿ ಮಾಡ್ಲಿಕ್ಕೆ ಆಗೂದಿಲ್ಲೇನು ಮಲ್ಲಪ್ಪಾ?"

"ನಿಮ್ಮ ಒಲಿಯೊಳಗ ಒಮ್ಮೆಗೇ ಒಂದು ಬುಟ್ಟಿ ಕುಳ್ಳು ತುರುಕಿದ್ರ ಏನಾಗ್ತದ್ರಿ ಬಾಯಾರ?"

"ಮನಿ ತುಂಬ ಹೊಗಿ."

"ಅಷ್ಟ ರೀ. ನಮ್ಮ ಬಾಯ್ಲರಿಗೆ ಎರಡು ಬಾಯಿ. ಮದಲ ಇಬ್ಬರಿದ್ವಿ. ಸಣ್ಣ ಸಲಕಿಲೆ ಸ್ವಲ್ಪ ಸ್ವಲ್ಪ, ಮತ್ತ ಮತ್ತ ಉದುರಿಸಬೇಕು. ಬೆಂಕಿ ತೆಳ್ಳಗ ಇರಬೇಕು, ಬಾಗಿಲಾ ಒಂದು ಬೆರಳು ತಗದು ಗಾಳಿ ಕೊಡಬೇಕು. ಹಂಗ ಮಾಡಿದ್ರ ಚಿಮಣಿ ತುದಿಗೆ ಬರೇ ಹಬಿ. ಈಗ ಮೂರು ಪಾಳಿಗೆ ಮಂದಿ ಹಂಚ್ಯಾರ, ಎರಡೂ ಬಾಯಿಗೆ ನಾನೊಬ್ಬಾಂವ. ದೊಡ್ಡ ಸಲಕಿಲೆ ಒಮ್ಮೆಗೇ ತುಂಬಿ ಆ ಕಡೆ ಓಡಬೇಕು. ಒಂದು ತಾಸು ಸಣ್ಣ ಸಲಕಿ ಹಾಕಿದ್ರ ರಟ್ಟಿ ಬಿದ್ದು ಹೋಗ್ತಾವ್ರಿ."

ಹೇಳುವಾಗ ಅವನ ದನಿಯಲ್ಲಿ ನಾಚಿಕೆ ಇತ್ತು. ಒಳ್ಳೆಯ ಬೆಂಕಿ ಹೇಗೆ ಇಡಬೇಕೆಂದು ಬಲ್ಲವನು ದಿನಾ ಕೆಟ್ಟ ಬೆಂಕಿ ಇಡುತ್ತಿದ್ದ. ಹೊಗೆ ಹೋಗಬೇಕಾದರೆ ಏನು ಬೇಕು ಎಂದು ಅವತ್ತು ಸ್ಪಷ್ಟವಾಯಿತು. ಪಾಳಿಗೆ ಇನ್ನೊಬ್ಬ ಆಗವಾಲಾ, ಒಣ ಕಲ್ಲಿದ್ದಲು. ಇಷ್ಟೇ. ಗಿರಣಿಯ ಮ್ಯಾನೇಜರನ ಹತ್ತಿರ ನಮ್ಮವರು ಎರಡು ಸಲ ಹೋಗಿ ಬಂದರು. ಯುದ್ಧದ ಕೆಲಸಕ್ಕೆ ಅಡ್ಡಿ ಮಾಡುತ್ತೀರಾ ಎಂದು ಅವನು ಹೆದರಿಸಿ ಕಳಿಸಿದ.

ಹಾಗಾದರೆ ಸರಕಾರಕ್ಕೇ ಅರ್ಜಿ ಬರೆಯುವುದೆಂದಾಯಿತು. ಅರ್ಜಿಗೆ ಪುರಾವೆ? ಆ ಯುಕ್ತಿ ಅತ್ತೆಯದು. ಹಳೆಯ ಮಡಿ ಧೋತರ ಒಂದನ್ನು ಟರ್ರನೆ ಹರಿದು ಚೌಕ ಚೌಕ ಮಾಡಿದರು. ದಿನವೂ ಭೋಂಗಾ ಆದ ಮೇಲೆ ಒಂದು ಚೌಕ ಮಾಳಿಗೆಯ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಒಂದು ಗಂಟೆ ಬಿಟ್ಟು, ಮಸಿ ಉದುರದಂತೆ ಮಡಿಚಿ ಟ್ರಂಕಿನಲ್ಲಿ ಇಡುವುದು. ಮೇಲೆ ಪೆನ್ಸಿಲಿನಲ್ಲಿ ತಾರೀಕು. ಒಂದು ತಿಂಗಳಿಗೆ ಒಂದು ಗಂಟು ಆಯಿತು. ನಮ್ಮವರು ಇಂಗ್ಲಿಷಿನಲ್ಲಿ ಅರ್ಜಿ ಬರೆದು, ವಾಡೆಯವರ ಸಹಿ ಹಾಕಿಸಿ, ಆ ಗಂಟಿನ ಜೊತೆ ಒಯ್ದು ಕೊಟ್ಟು ಬಂದರು. ಬರುವ ಗುರುವಾರ ಬೆಳಗ್ಗೆ ಹೊಗೆ ತಪಾಸಣೆಯ ಇನ್ಸ್‌ಪೆಕ್ಟರ್ ನಮ್ಮ ಮಾಳಿಗೆಗೇ ಬಂದು ನೋಡುತ್ತಾರೆ, ಗಿರಣಿಗೆ ಸುದ್ದಿ ಕೊಡುವುದಿಲ್ಲ, ಎಂದು ಉತ್ತರ ಬಂತು.

ಗಿರಣಿಗೆ ಸುದ್ದಿ ಕೊಟ್ಟವಳು ನಾನು. ಮ್ಯಾನೇಜರನಿಗಲ್ಲ, ಮಲ್ಲಪ್ಪನಿಗೆ. ನಮ್ಮ ಕಡೆಯವನು, ನಮ್ಮ ಮೆಟ್ಟಿಲ ಮೇಲೆ ಕೂರುವವನು. ಅವನಿಗೆ ತಿಳಿಸದೆ ಅವನ ಮೇಲೆ ಸಾಹೇಬರನ್ನು ಕರೆಸಿದೆ ಎಂದಾಗಬಾರದು ಎನಿಸಿತು. ಅರ್ಜಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಇದರಾಗ ನಿನ್ನ ಮ್ಯಾಲ ಏನೂ ಇಲ್ಲ. ಇನ್ನೊಬ್ಬ ಆಗವಾಲಾನ್ನ ಹಾಕ್ರಿ ಅಂತನ ಬರದದ. ಗುರುವಾರ ನೀ ದಿನಾ ಹ್ಯಾಂಗ ಹಾಕತೀ ಹಂಗ ಹಾಕು. ಕಡಿಮಿ ಮಾಡಬ್ಯಾಡ."

"ಆಗಲ್ರಿ ಬಾಯಾರ. ಇನ್ನೊಬ್ಬಾಂವ ಬಂದ್ರ ನನ್ನ ರಟ್ಟೀನೂ ಉಳೀತಾವ, ಕೂಸಿನ ಎದೀನೂ ಉಳೀತದ" ಎಂದ.

ಗುರುವಾರ ಬೆಳಗ್ಗೆ ನಾನು ಇನ್ನೊಂದು ಕೆಲಸ ಮಾಡಿದೆ. ಬಟ್ಟೆಯ ಮೇಲಿನ ಮಸಿ ನೋಡಿ ಸಾಹೇಬರ ಮನಸ್ಸು ಕರಗುತ್ತದೋ ಇಲ್ಲವೋ, ನನ್ನ ಮಗಳ ಎದೆಯ ಸದ್ದು ಅವರ ಕಿವಿಗೆ ಬೀಳಲಿ ಎಂದುಕೊಂಡೆ. ಕುಸುಮಳಿಗೆ ಅವಳ ಉದ್ದ ಲಂಗ, ಹಳದಿ ಪರಕಾರ, ಉಡಿಸಿ ಕೈ ಹಿಡಿದು ಮೇಲೆ ಕರೆದೊಯ್ದೆ.

"ಈ ಹೊತ್ತಿನ್ಯಾಗ ಕೂಸಿನ್ನ ಯಾಕ ಮ್ಯಾಲ ಒಯ್ಯಲಿಕ್ಹತ್ತಿ?" ಅತ್ತೆ ಮೆಟ್ಟಿಲಿಗೆ ಅಡ್ಡ ನಿಂತರು.

"ಒಂದು ದಿನಾ ಅಷ್ಟ ರೀ ಅತ್ತೀ. ಸಾಹೇಬರು ಕೇಳಲಿ."

ಅವರು ಗೊಣಗುತ್ತ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಅವಳನ್ನು ಕಟ್ಟೆಯ ಹತ್ತಿರ, ಹಾಸಿದ ಬಿಳಿ ಚೌಕದ ಪಕ್ಕದಲ್ಲೇ ನಿಲ್ಲಿಸಿದೆ.

ಇನ್ಸ್‌ಪೆಕ್ಟರ್ ತೆಳ್ಳಗಿನ, ವಯಸ್ಸಾದ ಮರಾಠಿ ಗೃಹಸ್ಥರು. ಕಿಸೆಯಿಂದ ಒಂದು ದಪ್ಪ ಕಾಗದ ತೆಗೆದರು. ಅದರ ಮೇಲೆ ಸಾಲಾಗಿ ಚೌಕಾಕಾರದ ಮನೆಗಳು, ಮೊದಲನೆಯದು ಬಿಳಿ, ಆಮೇಲೆ ಬೂದಿ, ಕಡೆಯದು ಕಪ್ಪು. ಅದನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಚಿಮಣಿಯ ಹೊಗೆ ಯಾವ ಮನೆಯ ಬಣ್ಣಕ್ಕೆ ಹೊಂದುತ್ತದೆ ಎಂದು ನೋಡುವುದು ಅವರ ಕೆಲಸ. ಇನ್ನೊಂದು ಕೈಯಲ್ಲಿ ಗಡಿಯಾರ.

ಭೋಂಗಾ ಕೂಗಿತು. ಒಂದು ಸಣ್ಣ ಕರಿ ಉಂಡೆ ಎದ್ದಿತು, ಅಷ್ಟೇ. ಆಮೇಲೆ ಬಂದದ್ದು ಹಾಲು ಕಾಯುವಾಗ ಏಳುವಷ್ಟು ಹಬೆ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಚಿಮಣಿಯ ಹಿಂದಿನ ಆಕಾಶ ನೀಲಿಯಾಗಿಯೇ ಇತ್ತು. ನಾನು ಬಾಯ್ಲರ್ ಮನೆಯ ಬಾಗಿಲಿನ ಕಡೆ ನೋಡಿದೆ. ಒಳಗೆ ಕೆಂಪು ವಸ್ತ್ರ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುತ್ತಿತ್ತು. ಅತ್ತೆಯ ತುಟಿ ಅಲುಗುತ್ತಿತ್ತು. ಇಷ್ಟು ದಿನ ಮಸಿ ಬೀಳದಿರಲಿ ಎಂದು ಬೇಡುತ್ತಿದ್ದವರು ಅವತ್ತು ಬೀಳಲಿ ಎಂದು ದೇವರಿಗೆ ಹರಕೆ ಹೊರುತ್ತಿದ್ದರು. ಕಲ್ಲಿಟ್ಟ ಧೋತರದ ಚೌಕ ಬಿಳಿಯಾಗಿಯೇ ಇತ್ತು.

ತಿಂಗಳ ಮೇಲೆ ಬೆಳಗಿನ ಬಿಸಿಲು ಕಂಡ ಕುಸುಮ ಇದ್ದಿಲಿನಲ್ಲಿ ಗೆರೆ ಎಳೆದು ಕುಂಟಾಬಿಲ್ಲೆ ಆಡತೊಡಗಿದಳು. ಕೆಮ್ಮಿಲ್ಲ, ದಮ್ಮಿಲ್ಲ. ಇನ್ಸ್‌ಪೆಕ್ಟರ್ ಅವಳ ತಲೆ ಸವರಿ, "ಮುಲಗೀ ತರ ಠಣಠಣೀತ ಆಹೆ" ಎಂದರು. ಹುಡುಗಿ ಗಟ್ಟಿಮುಟ್ಟಾಗಿಯೇ ಇದ್ದಾಳಲ್ಲ ಎಂದು. ಅವರು ವ್ಯಂಗ್ಯವಾಡಲಿಲ್ಲ, ಸಂತೋಷದಿಂದಲೇ ಹೇಳಿದರು. ನನಗೆ ಮಾತ್ರ ಮಗಳ ಮೇಲೆ ಸಿಟ್ಟು ಬಂತು. ಒಂದು ಸಲವಾದರೂ ಕೆಮ್ಮಬಾರದೇ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಹೋಗುವಾಗ ಅವರು ನಮ್ಮವರಿಗೆ ಹೇಳಿದರು, "ಆ ಬಟ್ಟೆಗಳು ಸುಳ್ಳಲ್ಲ ಎಂದು ನನಗೆ ಗೊತ್ತು, ಆದರೆ ನಾನು ಬರೆಯಬೇಕಾದ್ದು ನನ್ನ ಕಣ್ಣು ಕಂಡದ್ದನ್ನು." ಅವರು ಬರೆದದ್ದರ ಸಾರ ಇಷ್ಟು: ಇದೇ ಬಾಯ್ಲರ್, ಇದೇ ಕಲ್ಲಿದ್ದಲು, ಒಬ್ಬನೇ ಆಗವಾಲಾ ಇದ್ದರೂ ಹೊಗೆ ಇಲ್ಲದೆ ಉರಿಸಲು ಬರುತ್ತದೆ, ಉಳಿದ ದಿನ ಹೊಗೆ ಆಗಿದ್ದರೆ ಅದು ಕೆಲಸಗಾರನ ನಿಷ್ಕಾಳಜಿ.

ವಾಡೆಯವರೆಲ್ಲ ಮಲ್ಲಪ್ಪನನ್ನು ಆಡಿಕೊಂಡರು. ಸಾಹೇಬ ಎಂದ ಕೂಡಲೆ ಹೆದರಿ ನಡುಗಿದ ಎಂದರು ಕೆಲವರು. ತನ್ನ ಕೈಚಳಕ ತೋರಿಸಿ ಮೆಚ್ಚುಗೆ ಗಿಟ್ಟಿಸಲು ಹೋದ ಎಂದರು ನಮ್ಮವರು. ನಾನು ಎರಡನ್ನೂ ನಂಬಿದೆ. ಆ ರವಿವಾರ ಅವನು ಬಂದು ಮೂರನೆಯ ಮೆಟ್ಟಿಲ ಮೇಲೆ ಕೂತಾಗ ಅವನ ಎರಡೂ ಕೈ ಮೊಣಕಾಲ ಮೇಲೆ ಕಟ್ಟಿಗೆಯಂತೆ ಬಿದ್ದಿದ್ದವು, ಬೆರಳು ಮಡಿಸಲು ಬರುತ್ತಿರಲಿಲ್ಲ. ನನಗೆ ಅದು ಕಂಡಿತು. ಆದರೂ "ಇವತ್ತ ಕೆಲಸ ಭಾಳ ಅದ, ಕಾಗದ ಬರೀಲಿಕ್ಕೆ ಆಗೂದಿಲ್ಲ" ಎಂದು ಒಳಗೆ ಹೋದೆ. ಅವನು ಎದ್ದು ಹೋದ.

ಮುಂದಿನ ವಾರ ಮ್ಯಾನೇಜರ್ ಅವನನ್ನು ಕೆಲಸದಿಂದ ತೆಗೆದ. ಒಬ್ಬನೇ ಇಷ್ಟು ಚೆನ್ನಾಗಿ ಉರಿಸಬಲ್ಲವನು ಇಷ್ಟು ದಿನ ಬೇಕೆಂತಲೇ ಹಾಳುಮಾಡಿದ ಎಂಬುದು ಕಾರಣ. ಅದಕ್ಕೆ ಇನ್ಸ್‌ಪೆಕ್ಟರರ ಕಾಗದವೇ ಆಧಾರ. ಅವನ ಜಾಗಕ್ಕೆ ಬಂದವನಿಗೆ ಸಲಕಿ ಹಿಡಿಯಲೂ ಬರುತ್ತಿರಲಿಲ್ಲ. ಹೊಗೆ ಮೊದಲಿನದಕ್ಕಿಂತ ದಟ್ಟವಾಯಿತು. ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇರುವಾಗ ಬೆಳಗ್ಗೆ ಕುಸುಮಳ ತುಟಿ ನೀಲಿಗಟ್ಟಿತು. ಡಾಕ್ಟರು ಸೂಜಿ ಚುಚ್ಚಿ ಅವಳನ್ನು ಉಳಿಸಿಕೊಟ್ಟರು. "ನಾಳೆಯೇ ಕಳಿಸಿ" ಎಂದರು.

ಕಳಿಸುವುದು ಯಾರ ಜೊತೆ? ನಮ್ಮವರಿಗೆ ಯುದ್ಧದ ದೆಸೆಯಿಂದ ರಜೆ ಇಲ್ಲ. ನಾನು ಏಳು ತಿಂಗಳ ಬಸುರಿ, ಗಾಡಿಯ ಕುಲುಕಾಟ ಕೂಡದೆಂದು ಅದೇ ಡಾಕ್ಟರು ಹೇಳಿದ್ದರು. ಅತ್ತೆ ಒಬ್ಬರೇ ಗಾಡಿ ಬದಲಿಸಿ ಹೋದವರಲ್ಲ. ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಮಲ್ಲಪ್ಪ ಬಂದ. ಹೆಂಡತಿ ಶಾಂತವ್ವನ ಜೊತೆ ಊರಿಗೆ ಹೋಗುತ್ತಿದ್ದೇನೆ, ಅಣ್ಣನಿಗೆ ಒಂದು ಸಾಲು ಬರೆಯಿರಿ ಎನ್ನಲು ಬಂದಿದ್ದ. ನಮ್ಮ ಮುಖ ನೋಡಿ ವಿಷಯ ಕೇಳಿ ತಿಳಿದುಕೊಂಡ.

"ಬಿಜಾಪುರದ ತನಕಾ ನಾವ ಹೊಂಟೀವಲ್ರಿ. ಹೊಟಗ್ಯಾಗ ಗಾಡಿ ಬದಲಿ ಮಾಡೂದು. ಕೂಸಿನ್ನ ನಮ್ಮ ಜೋಡಿ ಕಳಸ್ರಿ. ಅಜ್ಜಿ ಕೈಯಾಗ ಕೊಟ್ಟ ಮುಂದ ಹೋಗ್ತೀವಿ."

ನಾನು ಉತ್ತರ ಕೊಡುವ ಮೊದಲೇ ಅತ್ತೆ ಎದ್ದರು. ಜೀವಮಾನವಿಡೀ ಮಡಿ ಮಡಿ ಎಂದವರು, ಕುಸುಮಳನ್ನು ಎತ್ತಿಕೊಂಡು ಆ ಮೂರನೆಯ ಮೆಟ್ಟಿಲಿನ ತನಕ ತಾವೇ ಇಳಿದು ಹೋಗಿ ಅವನ ಕೈಗೆ ಕೊಟ್ಟರು. "ದಾರ್ಯಾಗ ಹಸಿವಿ ಅಂದ್ರ ನಿಮ್ಮ ಬುತ್ತ್ಯಾಗಿಂದ ತಿನ್ನಸ್ರಿ" ಎಂದರು. ಮೇಲೆ ಬಂದು ಗೋಡೆಗೆ ಮುಖ ಮಾಡಿ ಅತ್ತರು.

ಸ್ಟೇಶನ್ನಿಗೆ ನಾನೂ ಹೋಗಿದ್ದೆ. ಶಾಂತವ್ವ ಕಿಟಕಿಯ ಹತ್ತಿರ ಕೂತು ಕುಸುಮಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಮಲ್ಲಪ್ಪ ಪ್ಲಾಟ್‌ಫಾರ್ಮಿನಲ್ಲಿ ನನ್ನ ಪಕ್ಕ ನಿಂತು ಎಂಜಿನ್ನಿನ ಹೊಗೆಯನ್ನೇ ನೋಡುತ್ತಿದ್ದ. "ಬೆಂಕಿ ದಪ್ಪ ಮಾಡ್ಯಾನ" ಎಂದು ತನ್ನಷ್ಟಕ್ಕೇ ಗೊಣಗಿದ. ಕೇಳದೆ ಕಳಿಸಿದರೆ ಜನ್ಮವಿಡೀ ಕೊರೆಯುತ್ತದೆ ಎನಿಸಿತು.

"ಮಲ್ಲಪ್ಪಾ, ಆ ದಿನಾ ಸಾಹೇಬರಿಗೆ ಹೆದರಿದೇನು?"

"ಇಲ್ರಿ ಬಾಯಾರ" ಎಂದ. "ನೀವು ಹೇಳಿದಂಗ ಮಾಡಾಂವನ ಇದ್ದೆ. ಭೋಂಗಾ ಆತು, ದೊಡ್ಡ ಸಲಕಿ ತುಂಬಿ ಒಂದು ಬಾಯಿಗೆ ಹಾಕಿದೆ. ಎರಡನೇದು ಎತ್ತಿದಾಗ ಬಾಗಿಲದಾಗಿಂದ ಹೊರಗ ನೋಡಿದೆ. ಮಾಳಗಿ ಮ್ಯಾಲ ಹಳದಿ ಪರಕಾರ ಕಂಡಿತು."

ಗಾರ್ಡ್ ಸೀಟಿ ಊದಿದ. ಮಲ್ಲಪ್ಪ ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟ.

"ದಿನಾ ಆ ಹೊತ್ತಿಗೆ ನೀವು ಕೂಸಿನ್ನ ಒಳಗ ಹಾಕಿರತೀರಿ ಅಂತ ಧೈರ್ಯದ ಮ್ಯಾಲ ನಾ ದೊಡ್ಡ ಸಲಕಿ ಹಾಕತಿದ್ದೆ ರೀ. ಅವತ್ತ ಸಾಹೇಬರು ಬಂದ ಗದ್ದಲದಾಗ ನಿಮ್ಮ ಕಣ್ಣು ತಪ್ಪಿಸಿ ಮ್ಯಾಲ ಓಡಿ ಬಂದದ, ನಿಮಗ ಗೊತ್ತಾಗಿಲ್ಲ ಅಂದಕೊಂಡೆ. ಅದು ಅಲ್ಲಿ ನಿಂತಾಗ ಅದರ ಮ್ಯಾಲ ಹ್ಯಾಂಗ ಹಾಕಲ್ರಿ? ಅದು ಇಳಿದು ಹೋಗೂ ತನಕಾ ಸಣ್ಣ ಸಲಕಿ ಹಾಕಿದೆ. ನಿಮ್ಮ ಕೆಲಸ ಕೆಡಿಸಿದೆ. ಸಿಟ್ಟಾಗಬ್ಯಾಡ್ರಿ."

ಗಾಡಿ ಹೊರಟಿತು. ಹೇಳಲು ಸಮಯವಿತ್ತು. ನಾಲ್ಕು ಹೆಜ್ಜೆ ಗಾಡಿಯ ಜೊತೆ ನಡೆದೆನಲ್ಲ, ಒಂದು ಮಾತು ಹೇಳಬಹುದಾಗಿತ್ತು. ಅವಳು ನನ್ನ ಕಣ್ಣು ತಪ್ಪಿಸಿ ಓಡಿ ಬಂದಿರಲಿಲ್ಲ, ಪರಕಾರ ಉಡಿಸಿ ನಿಲ್ಲಿಸಿದ್ದು ನಾನೇ ಎಂದು. "ಜ್ವಾಕಿ" ಎಂದಷ್ಟೇ ಅಂದೆ. ಅವನು ಒಳಗೆ ಹೋಗಿ ತಲೆಯ ಕೆಂಪು ವಸ್ತ್ರ ಬಿಚ್ಚಿ ಕಿಟಕಿಗೆ ಅಡ್ಡ ಹಿಡಿದ, ಎಂಜಿನ್ನಿನ ಹೊಗೆ ಕುಸುಮಳ ಮುಖಕ್ಕೆ ಬಡಿಯದ ಹಾಗೆ.